ವಾರಕ್ಕೊಂದು ಪಾಠ: ತೌರಾತಿನ ಜನರೂ ನಮ್ಮ ಮನೆಯ ಕುರ್‌ಆನೂ

ಪವಿತ್ರ ಕುರ್‌ಆನಿನ 62ನೆಯ ಅಧ್ಯಾಯವಾದ ಅಲ್-ಜುಮುಅಃದಲ್ಲಿ ಒಂದು ಉಪಮೆಯಿದೆ. ತೌರಾತಿನ ಹೊಣೆಯನ್ನು ವಹಿಸಿಕೊಂಡೂ ಅದನ್ನು ನಿರ್ವಹಿಸದೆ ಹೋದವರನ್ನು, ಬೆನ್ನ ಮೇಲೆ ಗ್ರಂಥಗಳನ್ನು ಹೊತ್ತು ನಡೆಯುವ ಕತ್ತೆಗೆ ಅಲ್ಲಿ ಹೋಲಿಸಲಾಗಿದೆ. ಈ ಐದನೆಯ ಸೂಕ್ತವನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಬಗೆಯ ನೆಮ್ಮದಿಯಾಗುತ್ತದೆ: ಮಾತು ಯಹೂದಿಯರ ಕುರಿತದ್ದು, ನಮಗೆ ಸಂಬಂಧಿಸಿದ್ದಲ್ಲ ಎಂಬ ನೆಮ್ಮದಿ. ಆದರೆ ಪ್ರವಾದಿ(ಸ)ಯವರು ಈ ಅಧ್ಯಾಯವನ್ನು ಜುಮಾ ನಮಾಝಿನಲ್ಲಿ ಓದುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅವರ ಹಿಂದೆ ಸಾಲಾಗಿ ನಿಂತು ಅದನ್ನು ಆಲಿಸುತ್ತಿದ್ದವರು ಮುಸ್ಲಿಮರು. ಈ ಉಪಮೆ ಕಳೆದು ನಾಲ್ಕನೆಯ ಸೂಕ್ತದಲ್ಲಿಯೇ, ವ್ಯಾಪಾರವನ್ನು ಬಿಟ್ಟು ಅಲ್ಲಾಹನ ಸ್ಮರಣೆಯೆಡೆಗೆ ಧಾವಿಸಿರೆಂಬ ಜುಮಾದ ಕರೆ ಬರುತ್ತದೆ. ಗ್ರಂಥವನ್ನು ಹೊತ್ತೂ ಅದರಿಂದ ಪ್ರಯೋಜನ ಪಡೆಯದವರ ಪ್ರಸ್ತಾಪವೂ ನಮ್ಮ ವಾರದ ದಿನದ ಕರೆಯೂ ಹನ್ನೊಂದೇ ಸೂಕ್ತಗಳ ಒಂದು ಪುಟ್ಟ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿವೆ. ಇದನ್ನು ಕಾಕತಾಳೀಯವೆಂದು ನಾವು ಭಾವಿಸುವುದಿಲ್ಲ.

ಹಾಗಾದರೆ ಆ ಜನರು ಇಂದು ತಮ್ಮ ಗ್ರಂಥವನ್ನು ಹೇಗೆ ಓದುತ್ತಾರೆ? ನಮ್ಮ ಮದ್ರಸಾಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮಕ್ಕಳಿಗೆ ಬನೀ ಇಸ್ರಾಈಲರೆಂದರೆ ಕರುವಿನ ಪೂಜೆ ಮಾಡಿದವರು; ಸಬ್ಬತ್ ಎಂದರೆ ಅಲ್-ಅಅ್‌ರಾಫ್ ಅಧ್ಯಾಯದಲ್ಲಿ ಬರುವ, ಶನಿವಾರದ ನಿಷೇಧವನ್ನು ಮುರಿದು ಶಿಕ್ಷೆಗೊಳಗಾದ ಮೀನುಗಾರರ ಕಥೆ. ಉಳಿದದ್ದನ್ನು ಟಿ.ವಿ. ಮತ್ತು ಮೊಬೈಲ್ ತುಂಬುತ್ತವೆ. ನಮ್ಮ ಕೇರಿಗಳಲ್ಲಿ ‘ಯಹೂದಿ’ ಎಂಬುದು ಜಿಪುಣನನ್ನೋ ವಂಚಕನನ್ನೋ ಬೈಯಲು ಬಳಸುವ ಪದವಾಗಿ ಹೋಗಿದೆ. ಬೈಯುವವನು ತನ್ನ ಜೀವಮಾನದಲ್ಲಿ ಒಬ್ಬ ಯಹೂದಿಯನ್ನೂ ಕಂಡಿರುವುದಿಲ್ಲ. ಫೆಲೆಸ್ತೀನಿನ ಜನರ ಮೇಲೆ ನಡೆಯುತ್ತಿರುವ ಅನ್ಯಾಯ ನಮ್ಮೆಲ್ಲರ ಹೃದಯವನ್ನು ಸುಡುತ್ತಿದೆ, ಅದನ್ನು ಅನ್ಯಾಯವೆಂದು ಕರೆಯಲು ನಮಗೆ ಯಾವ ಹಿಂಜರಿಕೆಯೂ ಇಲ್ಲ. ಆದರೆ ಒಂದು ಜನತೆಯ ಮೇಲಣ ದ್ವೇಷವು ನಿಮ್ಮನ್ನು ನ್ಯಾಯದಿಂದ ಕದಲಿಸದಿರಲಿ ಎಂದು ಅಲ್-ಮಾಇದಃ ಅಧ್ಯಾಯವು ನಮಗೆ ಆಜ್ಞಾಪಿಸಿದೆ. ಒಂದು ಸರಕಾರದ ಅಪರಾಧಕ್ಕಾಗಿ ಒಂದು ಧರ್ಮದ ಇಡೀ ಜನರನ್ನು ಹೊಣೆ ಮಾಡುವುದು ಎಷ್ಟು ನೋವಿನ ಸಂಗತಿ ಎಂಬುದನ್ನು ಈ ದೇಶದ ಮುಸ್ಲಿಮರಿಗೆ ಬೇರೆಯವರು ವಿವರಿಸಬೇಕಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಹಜ್ರತ್ ಮೂಸಾ(ಅ)ರಿಗೆ ಅವತೀರ್ಣವಾದ ತೌರಾತಿನ ಮೇಲೆ ನಮ್ಮ ಈಮಾನ್ ಇದೆ. ಇಂದು ಯಹೂದಿಯರ ಕೈಯಲ್ಲಿರುವ ಪಠ್ಯವು ಆ ಮೂಲದಂತೆಯೇ ಉಳಿದಿಲ್ಲವೆಂಬುದೂ ನಮ್ಮ ವಿಶ್ವಾಸ. ನಾವಿಲ್ಲಿ ಬರೆಯಹೊರಟಿರುವುದು ಆ ಪಠ್ಯದ ವಿಷಯವನ್ನಲ್ಲ. ಒಂದು ಜನಾಂಗವು ತನ್ನ ಗ್ರಂಥವನ್ನು ವರ್ಷದುದ್ದಕ್ಕೂ ಹೇಗೆ ಹಂಚಿಕೊಂಡಿದೆ ಎಂಬುದು ನಮ್ಮ ವಿಷಯ.

ಯಹೂದಿಯರ ದಿನ ನಮ್ಮಂತೆಯೇ ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಶುಕ್ರವಾರ ಸೂರ್ಯ ಮುಳುಗುವಾಗ ಅವರ ಸಬ್ಬತ್ ಪ್ರವೇಶಿಸುತ್ತದೆ. ಮರುದಿನ ರಾತ್ರಿ ನಕ್ಷತ್ರಗಳು ಕಾಣುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಕೊಡುಕೊಳ್ಳುವ ವ್ಯವಹಾರವಿಲ್ಲ. ಅಡುಗೆ ಮೊದಲೇ ಆಗಿರಬೇಕು. ನಮ್ಮ ಜುಮಾ ಹೀಗಲ್ಲ. ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ನಮಗೆ ಅನುಮತಿಯಿದೆ. ಶನಿವಾರ ಬೆಳಿಗ್ಗೆ ಅವರು ತಮ್ಮ ಪ್ರಾರ್ಥನಾಲಯದಲ್ಲಿ ಸೇರಿ, ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ತೌರಾತಿನ ಸುರುಳಿಯನ್ನು ಹೊರತೆಗೆಯುತ್ತಾರೆ. ಮೂರು ಲಕ್ಷಕ್ಕೂ ಹೆಚ್ಚಿನ ಅಕ್ಷರಗಳಿರುವ ಆ ಸುರುಳಿಯಲ್ಲಿ ಒಂದಕ್ಷರ ಕೆಟ್ಟರೂ ತಿದ್ದುವವರೆಗೆ ಅದನ್ನು ಓದಲು ಬಳಸುವಂತಿಲ್ಲ. ಅದರಲ್ಲಿ ಸ್ವರಚಿಹ್ನೆಗಳಿರುವುದಿಲ್ಲ. ಝೇರ್ ಝಬರ್ ಇಲ್ಲದ ಮುಸ್‌ಹಫನ್ನು ಕಲ್ಪಿಸಿಕೊಂಡರೆ ಓದುವವನ ಕಷ್ಟ ನಮ್ಮ ಮಕ್ಕಳಿಗೂ ಅರ್ಥವಾದೀತು. ಆತ ಇಡೀ ವಾರ ಸಿದ್ಧತೆ ನಡೆಸಿ ಬಂದಿರುತ್ತಾನೆ. ಬೆರಳು ತಾಗದಿರಲೆಂದು ಕಡ್ಡಿಯಂಥ ಒಂದು ಸೂಚಕವನ್ನು ಹಿಡಿದು, ಸಾಲಿನಿಂದ ಸಾಲಿಗೆ ನಿಗದಿತ ರಾಗದಲ್ಲಿ ಓದುತ್ತಾನೆ. ಸಭೆಯಿಂದ ಏಳು ಮಂದಿಯನ್ನು ಒಬ್ಬೊಬ್ಬರಾಗಿ ಸುರುಳಿಯ ಬಳಿಗೆ ಕರೆಯಲಾಗುತ್ತದೆ.

ಓದುವುದು ಎಷ್ಟು? ತೌರಾತಿನ ಐದು ಪುಸ್ತಕಗಳನ್ನು 54 ಭಾಗಗಳಾಗಿ ಹಂಚಲಾಗಿದೆ. ವಾರಕ್ಕೊಂದರಂತೆ ಓದಿದರೆ, ಕೆಲವು ವಾರಗಳಲ್ಲಿ ಎರಡನ್ನು ಜೋಡಿಸಿಕೊಂಡರೆ, ಒಂದು ವರ್ಷದಲ್ಲಿ ಪೂರ್ಣವಾಗುತ್ತದೆ. ಶರತ್ಕಾಲದಲ್ಲಿ ಒಂದು ದಿನ ಕೊನೆಯ ಭಾಗವನ್ನು ಓದಿ ಮುಗಿಸಿ, ಅದೇ ಸಭೆಯಲ್ಲಿ, ಅದೇ ಗಳಿಗೆಯಲ್ಲಿ ಮೊದಲನೆಯ ಭಾಗವನ್ನು ಆರಂಭಿಸುತ್ತಾರೆ. ‘ಮುಗಿಯಿತು’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಒಂದೆರಡು ಸಂದರ್ಭಗಳನ್ನು ಬಿಟ್ಟರೆ ಜಗತ್ತಿನ ಎಲ್ಲೆಡೆ ಆ ವಾರ ಓದುವ ಭಾಗ ಒಂದೇ. ಮುಂಬಯಿಯ ಒಬ್ಬ ಗುಮಾಸ್ತನೂ ಮೊರಾಕ್ಕೋದ ಒಬ್ಬ ಅಂಗಡಿಕಾರನೂ ಪತ್ರದಲ್ಲಿ ದಿನಾಂಕದ ಬದಲು ಆ ವಾರದ ಭಾಗದ ಹೆಸರನ್ನು ಬರೆದರೂ ಪರಸ್ಪರ ತಿಳಿದುಕೊಳ್ಳಬಲ್ಲರು. ಹಜ್ರತ್ ಯೂಸುಫ್(ಅ)ರ ವೃತ್ತಾಂತ ಅವರಲ್ಲಿ ಡಿಸೆಂಬರ್ ತಿಂಗಳ ಆಸುಪಾಸಿನಲ್ಲಿ ನಾಲ್ಕು ವಾರಗಳ ಕಾಲ ನಡೆಯುತ್ತದೆ; ಆ ಚಳಿಯ ದಿನಗಳು ಬಂದರೆ ಮಕ್ಕಳಿಗೆ ಬಾವಿಯೂ ಸೆರೆಮನೆಯೂ ನೆನಪಾಗುತ್ತವೆ.

ಶನಿವಾರವಲ್ಲದೆ ಸೋಮವಾರ ಮತ್ತು ಗುರುವಾರಗಳಂದೂ ಬೆಳಿಗ್ಗೆ ಚಿಕ್ಕ ಓದು ಇರುತ್ತದೆ. ಇದಕ್ಕೆ ಅವರು ನೀಡುವ ಕಾರಣ ನಮ್ಮ ಸೀಮೆಯವರಿಗೆ ತಟ್ಟನೆ ಅರ್ಥವಾಗುವಂಥದ್ದು. ಪ್ರಾಚೀನ ಕಾಲದಲ್ಲಿ ಅವು ಸಂತೆಯ ದಿನಗಳು, ಹಳ್ಳಿಯವರು ಪಟ್ಟಣಕ್ಕೆ ಬರುತ್ತಿದ್ದರು. ನೀರಿಲ್ಲದೆ ಮೂರು ದಿನ ಕಳೆಯಬಾರದು, ತೌರಾತಿಲ್ಲದೆಯೂ ಮೂರು ದಿನ ಕಳೆಯಬಾರದೆಂದು ಹಿರಿಯರು ಸಂತೆಯ ದಿನಗಳಲ್ಲಿಯೇ ಓದನ್ನು ಇರಿಸಿದರಂತೆ. ಜನರನ್ನು ಗ್ರಂಥದ ಬಳಿಗೆ ಕರೆದು ಸುಮ್ಮನಾಗದೆ, ಜನರು ಹೇಗೂ ಬರುವ ಜಾಗದಲ್ಲಿ ಗ್ರಂಥವನ್ನು ತೆರೆದಿಟ್ಟ ಈ ಯೋಚನೆ ನಮಗೆ ಬಹಳ ಹಿಡಿಸಿತು. (ಸೋಮವಾರ ಮತ್ತು ಗುರುವಾರಗಳ ಸುನ್ನತ್ ಉಪವಾಸವನ್ನು ಬಲ್ಲ ನಮಗೆ ಈ ಎರಡು ದಿನಗಳ ಜೋಡಿ ಅಪರಿಚಿತವೇನಲ್ಲ.)

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾಲಾಂತರದಲ್ಲಿ ಯಹೂದಿಯರ ಆಡುಮಾತು ಹಿಬ್ರೂ ಆಗಿ ಉಳಿಯಲಿಲ್ಲ. ಅವರು ಅರಮಾಯಿಕ್ ಆಡತೊಡಗಿದರು. ಆಗ ಪ್ರಾರ್ಥನಾಲಯದಲ್ಲಿ ಓದುವವನ ಪಕ್ಕದಲ್ಲಿ ಅನುವಾದಕನೊಬ್ಬ ನಿಲ್ಲುವ ಪದ್ಧತಿ ಬಂತು. ಒಂದು ವಾಕ್ಯವನ್ನು ಮೂಲದಲ್ಲಿ ಓದಿದೊಡನೆ ಆತ ಅದನ್ನು ಜನರ ಮಾತಿನಲ್ಲಿ ಹೇಳುತ್ತಿದ್ದನು. ಮನೆಯಲ್ಲಿ ಪ್ರತಿಯೊಬ್ಬನೂ ಆ ವಾರದ ಭಾಗವನ್ನು ಎರಡು ಸಲ ಮೂಲದಲ್ಲಿ, ಒಂದು ಸಲ ಅನುವಾದದಲ್ಲಿ ಓದಬೇಕೆಂಬ ನಿಯಮವೂ ಬಂತು. ಆ ನಿಯಮ ಇಂದಿಗೂ ಜಾರಿಯಲ್ಲಿದೆ. ಮೂಲಭಾಷೆಯ ಗೌರವಕ್ಕೆ ಇದರಿಂದ ಕುಂದುಂಟಾಗಲಿಲ್ಲ. ಎರಡು ಸಾವಿರ ವರ್ಷಗಳಾದರೂ ಸುರುಳಿ ಹಿಬ್ರೂವಿನಲ್ಲಿಯೇ ಇದೆ.

ಅವರ ಹಬ್ಬಗಳ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಓದಿನ ಸುತ್ತು ಹಬ್ಬಗಳ ಸುತ್ತಿನೊಂದಿಗೆ ಹೆಣೆದುಕೊಂಡಿದೆ. ಅವರ ತಿಂಗಳುಗಳು ಚಾಂದ್ರಮಾನದವು, ಆದರೆ ಹಬ್ಬಗಳು ಋತುವಿಗೆ ಕಟ್ಟುಬಿದ್ದಿವೆ. ಆದ್ದರಿಂದ 19 ವರ್ಷಗಳಲ್ಲಿ 7 ಸಲ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸುತ್ತಾರೆ. ನಮ್ಮ ನೆರೆಯ ಹಿಂದೂ ಬಾಂಧವರ ಅಧಿಕ ಮಾಸವನ್ನು ಕಂಡವರಿಗೆ ಈ ಲೆಕ್ಕ ತಿಳಿಯುತ್ತದೆ. ಅತ್ತೌಬಾ ಅಧ್ಯಾಯವು ತಿಂಗಳುಗಳನ್ನು ಹನ್ನೆರಡೆಂದು ನಿಗದಿಪಡಿಸಿ, ಅವುಗಳನ್ನು ಹಿಂದೆಮುಂದೆ ಮಾಡುವುದನ್ನು ನಿಷೇಧಿಸಿರುವುದರಿಂದ ನಮ್ಮ ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ವರ್ಷಾರಂಭದ ತಿಶ್ರಿ ತಿಂಗಳ ಹತ್ತರಂದು ಅವರದು ಸುಮಾರು 25 ಗಂಟೆಗಳ ಕಠಿಣ ಉಪವಾಸ, ಪಶ್ಚಾತ್ತಾಪದ ದಿನ. ಪ್ರವಾದಿ(ಸ)ಯವರು ಮದೀನಾಕ್ಕೆ ಬಂದಾಗ ಯಹೂದಿಯರು ಆಶೂರಾ ಉಪವಾಸ ಆಚರಿಸುತ್ತಿದ್ದುದನ್ನು ಕಂಡು ಕಾರಣ ಕೇಳಿದರು. ಮೂಸಾ(ಅ)ರ ವಿಮೋಚನೆಯ ದಿನವೆಂದು ತಿಳಿದಾಗ, ಮೂಸಾರ ಮೇಲೆ ನಮಗೆ ಹೆಚ್ಚಿನ ಹಕ್ಕಿದೆಯೆಂದು ತಾವೂ ಉಪವಾಸವಿದ್ದರು. ಇದು ಸಹೀಹ್ ಬುಖಾರಿಯಲ್ಲಿದೆ. ‘ಏಕೆ ಉಪವಾಸ?’ ಎಂದು ಅವರು ಮೊದಲು ಕೇಳಿದರೆಂಬುದನ್ನು ಓದುಗರು ಗಮನಿಸಬೇಕು.

ವಸಂತದಲ್ಲಿ ಬರುವ ಪೆಸಾಹ್ ಹಬ್ಬವು ಫಿರ್‌ಔನನಿಂದ ಬಿಡುಗಡೆಯ ಸ್ಮರಣೆ. ಅದರ ಮುಖ್ಯ ಕಾರ್ಯ ನಡೆಯುವುದು ಮನೆಯ ಊಟದ ಮೇಜಿನ ಬಳಿ. ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಏಕೆ ಭಿನ್ನವೆಂದು ಮನೆಯ ಅತ್ಯಂತ ಕಿರಿಯ ಮಗು ಕೇಳಬೇಕು. ಹಿರಿಯರು ಇಡೀ ವೃತ್ತಾಂತವನ್ನು ಹೇಳಬೇಕು. ಪ್ರಶ್ನೆ ಕೇಳುವುದೇ ಅಲ್ಲಿ ಆಚರಣೆಯ ಭಾಗ. ಶರತ್ಕಾಲದ ಸುಕ್ಕೋತ್‌ನಲ್ಲಿ ಏಳು ದಿನ ಚಪ್ಪರದಡಿ ಊಟ ಮಾಡುತ್ತಾರೆ, ಅರಣ್ಯದಲ್ಲಿ ಅಲೆದ ದಿನಗಳ ನೆನಪಿಗೆ. ಕೊಚ್ಚಿಯ ಯಹೂದಿಯರು ಅದಕ್ಕೆ ಹೆಣೆದ ತೆಂಗಿನ ಗರಿಯನ್ನೇ ಹೊದಿಸುತ್ತಿದ್ದರು. ಮಾಂಸವನ್ನೂ ಹಾಲನ್ನೂ ಬೆರೆಸಬಾರದೆಂಬುದು ಅವರ ಆಹಾರ ನಿಯಮ. ಹಾಗಾಗಿ ಆ ಕರಾವಳಿಯಲ್ಲಿ ಮಾಂಸದ ಸಾರಿಗೆ ತೆಂಗಿನ ಹಾಲು ಒದಗಿಬಂತು. ತೆಂಗಿನ ಸೀಮೆಯ ನಮಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇವರೆಲ್ಲ ದೂರದ ಜನರೆಂದು ಭಾವಿಸಬೇಕಾಗಿಲ್ಲ. 12ನೆಯ ಶತಮಾನದಲ್ಲಿ, 1132ರಿಂದ 1149ರವರೆಗೆ, ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವರ್ತಕನು ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದನು. ಟ್ಯುನೀಸಿಯಾದ ಮಹ್ದಿಯಾ ಮೂಲದ ಈತ ವ್ಯಾಪಾರಿಯಾಗಿದ್ದಂತೆಯೇ ಧರ್ಮಶಾಸ್ತ್ರವನ್ನು ಬಲ್ಲವನೂ ಆಗಿದ್ದನು. ಏಡನ್‌ನಲ್ಲಿದ್ದ ತನ್ನ ಪಾಲುದಾರರೊಂದಿಗೆ ಹಿಬ್ರೂ ಲಿಪಿಯಲ್ಲಿ ಅರಬಿ ಭಾಷೆಯನ್ನು ಬರೆಯುತ್ತಿದ್ದನು. ದೇವನ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಕೈರೋದ ಪ್ರಾರ್ಥನಾಲಯವೊಂದರ ಕೋಣೆಯಲ್ಲಿ ಹಾಕಿಟ್ಟ ಹಳೆಯ ಪತ್ರಗಳ ರಾಶಿಯಲ್ಲಿ ಅವನ ಪತ್ರಗಳು ಉಳಿದು ಬಂದವು. ಹರಿದ ಮುಸ್‌ಹಫಿನ ಹಾಳೆಗಳನ್ನು ನಾವು ಜೋಪಾನ ಮಾಡುವುದೂ ಇದೇ ಭಾವದಿಂದ. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಕೃತಿ ಈತನ ಮತ್ತು ಬೊಮ್ಮನೆಂಬ ಅವನ ಸೇವಕನ ಜಾಡು ಹಿಡಿದು ಬರೆದದ್ದು.

ಅದಕ್ಕಿಂತ ಹತ್ತಿರದ ಕಥೆ ಶ್ರೀರಂಗಪಟ್ಟಣದ್ದು. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ‘ಬೆನೆ ಇಸ್ರೇಲ್’ ಎಂಬ ಯಹೂದಿ ಸಮುದಾಯವಿತ್ತು. ಗಾಣದ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆಯುತ್ತಿದ್ದರು. ಅವರಲ್ಲಿ ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್ ಎಂಬವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನರ ಸೆರೆಯಾಳಾದನು. ಆ ಸಮುದಾಯದಲ್ಲಿ ಹರಿದು ಬಂದ ಪ್ರತೀತಿಯಂತೆ, ಸೆರೆಯಾಳುಗಳು ತಾವು ಬನೀ ಇಸ್ರಾಈಲರೆಂದು ಹೇಳಿಕೊಂಡಾಗ, ಕುರ್‌ಆನಿನಲ್ಲಿ ಆ ಹೆಸರನ್ನು ಕೇಳಿದ್ದ ಸುಲ್ತಾನರ ತಾಯಿ ಅವರ ಪ್ರಾಣ ಉಳಿಸುವಂತೆ ಮಗನನ್ನು ಕೇಳಿಕೊಂಡರು. ಬದುಕಿ ಹಿಂದಿರುಗಿದ ಸ್ಯಾಮುಯೆಲ್ 1796ರಲ್ಲಿ ಮುಂಬಯಿಯ ಮೊದಲ ಯಹೂದಿ ಪ್ರಾರ್ಥನಾಲಯವನ್ನು ಕಟ್ಟಿಸಿದನು. ‘ಕರುಣೆಯ ದ್ವಾರ’ ಎಂಬುದು ಅದರ ಹಿಬ್ರೂ ಹೆಸರಿನ ಅರ್ಥ. ಬೆನೆ ಇಸ್ರೇಲರು ತಮ್ಮ ಪ್ರಾರ್ಥನಾಲಯವನ್ನು ‘ಮಸೀದಿ’ಯೆಂದೇ ಕರೆಯುತ್ತಿದ್ದರು, ಮುಂಬಯಿಯ ‘ಮಸ್ಜಿದ್’ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎಂದು ಹೇಳುವುದುಂಟು. ಅವರ ಧಾರ್ಮಿಕ ಮುಖಂಡನಿಗೆ ‘ಕಾಝಿ’ ಎಂಬ ಹೆಸರಿತ್ತು. ಉಪವಾಸಗಳನ್ನು ‘ರೋಝಾ’ ಎನ್ನುತ್ತಿದ್ದರು. ಹರಕೆಗೆ ಅವಲಕ್ಕಿ, ಸಕ್ಕರೆ ಮತ್ತು ತೆಂಗಿನ ತುರಿಯ ಮಲೀದಾ ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ.

ಈ ಸಮುದಾಯದ ಕಥೆಯಲ್ಲಿ ನಮಗೆ ಬೇಕಾದ ಪಾಠವಿರುವುದು ಇನ್ನೊಂದು ಕಡೆ. ಕೊಂಕಣದಲ್ಲಿ ನೆಲೆನಿಂತ ಬಹುಕಾಲದವರೆಗೆ ಅವರ ಬಳಿ ತೌರಾತಿನ ಸುರುಳಿ ಇರಲಿಲ್ಲ, ಹಿಬ್ರೂ ಓದು ಮರೆತುಹೋಗಿತ್ತು. ಸುನ್ನತಿ, ಸಬ್ಬತ್, ಆಹಾರ ನಿಯಮ ಮತ್ತು ಏಕದೇವತ್ವವನ್ನು ಸಾರುವ ಒಂದು ಪ್ರಾರ್ಥನಾ ವಾಕ್ಯ ಇಷ್ಟೇ ಉಳಿದದ್ದು. ಹಬ್ಬಗಳ ಹಿಬ್ರೂ ಹೆಸರುಗಳೂ ಮರೆತು, ಖೀರಿನ ಹಬ್ಬ, ಬಾಗಿಲು ಮುಚ್ಚುವ ಹಬ್ಬವೆಂದು ಮರಾಠಿಯಲ್ಲಿ ಕರೆದುಕೊಳ್ಳುತ್ತಿದ್ದರು. ಏನು ಮಾಡಬೇಕೆಂಬುದು ನೆನಪಿತ್ತು, ಏಕೆ ಎಂಬುದು ಅಳಿಸಿಹೋಗಿತ್ತು. ಕೊಚ್ಚಿಯಿಂದ ಬಂದ ಗುರುಗಳು ಅವರಿಗೆ ಮತ್ತೆ ಓದು ಕಲಿಸಿದರು. ಆದರೆ ಆ ಓದು ಮನೆಮನೆಗೆ ತಲುಪಿದ್ದು ಮರಾಠಿಯ ಮೂಲಕ. 1846ರಲ್ಲಿಯೇ ಪೆಸಾಹ್ ರಾತ್ರಿಯ ಪಠ್ಯವು ಮರಾಠಿ ಅನುವಾದದೊಂದಿಗೆ ಮುಂಬಯಿಯಲ್ಲಿ ಅಚ್ಚಾಯಿತು.

ಈಗ ನಮ್ಮ ಮನೆಗಳನ್ನು ನೋಡೋಣ. ಕಿಬ್ಬನಹಳ್ಳಿ ಹೋಬಳಿಯಲ್ಲಾಗಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮೊಹಲ್ಲಾಗಳಲ್ಲಾಗಲಿ, ನಮ್ಮ ಜನರಲ್ಲಿ ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವವರು, ಲಾರಿ ಓಡಿಸುವವರು, ಗ್ಯಾರೇಜು ಇಟ್ಟವರು, ಸಣ್ಣ ಪುಟ್ಟ ವ್ಯಾಪಾರದವರು ಇದ್ದಾರೆ. ಮಗು ಮನೆಯಲ್ಲಿ ಉರ್ದು ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದಿ ಬರೆಯುತ್ತದೆ, ಮಕ್ತಬದಲ್ಲಿ ಅರಬಿ ಅಕ್ಷರಗಳನ್ನು ಉಚ್ಚರಿಸುತ್ತದೆ. ಹತ್ತು ಹನ್ನೊಂದರ ವಯಸ್ಸಿಗೆ ನಾಝಿರಾ ಮುಗಿಯುತ್ತದೆ. ಮಿಠಾಯಿ ಹಂಚುತ್ತೇವೆ, ಉಸ್ತಾದರಿಗೆ ಬಟ್ಟೆ ಕೊಡುತ್ತೇವೆ, ಮಗುವಿನ ಕೊರಳಿಗೆ ಹಾರ ಹಾಕುತ್ತೇವೆ. ಆ ಸಂತೋಷ ನ್ಯಾಯವಾದದ್ದೇ. ಅರ್ಥ ತಿಳಿಯದೆ ಓದಿದರೂ ಪ್ರತಿ ಅಕ್ಷರಕ್ಕೆ ಹತ್ತು ಪುಣ್ಯವಿದೆಯೆಂಬ ಹದೀಸನ್ನು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಆದರೆ ಆ ನಂತರ? ಮುಸ್‌ಹಫ್ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಎತ್ತರದ ಗೂಡು ಸೇರುತ್ತದೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟರೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗಿ ಇಳಿದು ಬರುತ್ತದೆ. ಗೂಡಿನಲ್ಲಿಟ್ಟ ಗ್ರಂಥ ಹಾಗೆ ತಾನಾಗಿ ಪಕ್ವವಾಗಿ ಮಕ್ಕಳ ಎದೆಗೆ ಇಳಿಯುವುದಿಲ್ಲ.

ಈ ವಾರ ಕೊಬ್ಬರಿ ಕ್ವಿಂಟಲಿಗೆ ಎಷ್ಟಕ್ಕೆ ಹೋಯಿತೆಂದು ಕೇಳಿದರೆ ಏಳನೆಯ ತರಗತಿಯ ಹುಡುಗನೂ ಹೇಳುತ್ತಾನೆ. ಅದನ್ನು ಯಾರೂ ಅವನಿಗೆ ಪಾಠ ಮಾಡಿರುವುದಿಲ್ಲ. ಮನೆಯಲ್ಲಿ ವಾರವಾರವೂ ಅದರ ಮಾತು ನಡೆಯುತ್ತದೆ, ಅಷ್ಟೆ. ಈ ವಾರ ಮನೆಯಲ್ಲಿ ಕುರ್‌ಆನಿನ ಯಾವ ಮಾತು ನಡೆಯಿತೆಂದು ಅದೇ ಹುಡುಗನನ್ನು ಕೇಳಿದರೆ ಮುಖ ನೋಡುತ್ತಾನೆ. ಇವನಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಕಾಲೇಜಿನಲ್ಲೋ ಕೆಲಸದ ಜಾಗದಲ್ಲೋ ಯಾರಾದರೂ ‘ನಿಮ್ಮ ಕುರ್‌ಆನಿನಲ್ಲಿ ಹೀಗಿದೆಯಂತೆ’ ಎಂದು ಮೊಬೈಲಿನಲ್ಲಿ ಕಂಡ ತುಣುಕನ್ನು ಮುಂದಿಡುತ್ತಾರೆ. ಆಗ ಅವನು ಕೋಪಗೊಳ್ಳುತ್ತಾನೆ, ಇಲ್ಲವೆ ಒಳಗೊಳಗೇ ಸಂಶಯಪಡುತ್ತಾನೆ. ಉತ್ತರ ಅವನ ಬಳಿ ಇರುವುದಿಲ್ಲ. ಕೋಪಕ್ಕಿಂತ ಆ ಮೌನ ಸಂಶಯವೇ ನಮ್ಮನ್ನು ಹೆಚ್ಚು ಕಾಡುತ್ತದೆ. ಅದನ್ನು ಅವನು ತಂದೆಗೂ ಹೇಳುವುದಿಲ್ಲ, ಉಸ್ತಾದರಿಗೂ ಹೇಳುವುದಿಲ್ಲ.

ಇದಕ್ಕಾಗಿ ಯಹೂದಿಯರ ಪದ್ಧತಿಯನ್ನು ಅನುಸರಿಸಬೇಕೆ, ಯಾರನ್ನು ಹೋಲುತ್ತೇವೆಯೋ ಅವರಲ್ಲಿಯೇ ಸೇರುತ್ತೇವೆಂಬ ಹದೀಸ್ ಇಲ್ಲವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದು, ಅದನ್ನು ಗೌರವಿಸಬೇಕು. ಅವರ ಸಬ್ಬತ್ತನ್ನಾಗಲಿ ಹಬ್ಬವನ್ನಾಗಲಿ ಆಚರಿಸಿರೆಂದು ನಾವು ಹೇಳುತ್ತಿಲ್ಲ. ಆಶೂರಾದ ವಿಷಯದಲ್ಲೂ ಪ್ರವಾದಿ(ಸ)ಯವರು ಮುಂದಿನ ವರ್ಷ ಒಂಬತ್ತರಂದೂ ಉಪವಾಸವಿರುವ ಇಚ್ಛೆಯನ್ನು ವ್ಯಕ್ತಪಡಿಸಿ ಭಿನ್ನತೆಯನ್ನು ಕಾಯ್ದುಕೊಂಡರು. ಆದರೆ ಅವರಿಂದ ಕಲಿಯುವುದಕ್ಕೆ ಅವರೆಂದೂ ಅಡ್ಡಿಪಡಿಸಲಿಲ್ಲ. ಹಜ್ರತ್ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರವಣಿಗೆಯನ್ನು ಕಲಿಯಲು ಅಪ್ಪಣೆಯಾದದ್ದು, ಅವರು ಅರ್ಧ ತಿಂಗಳಲ್ಲಿ ಕಲಿತದ್ದು ತಿರ್ಮಿಝಿಯಲ್ಲಿದೆ.

ಅದಕ್ಕೂ ಮಿಗಿಲಾಗಿ, ವಾರದ ಪಾಠ ನಮ್ಮದೇ ಸೊತ್ತು. ಸಹಾಬಿಗಳು ಕುರ್‌ಆನನ್ನು ಏಳು ಪಾಲು ಮಾಡಿ ವಾರಕ್ಕೊಮ್ಮೆ ಪೂರ್ಣಗೊಳಿಸುತ್ತಿದ್ದರು. ಮುಸ್‌ಹಫಿನ ಅಂಚಿನಲ್ಲಿ ಇಂದಿಗೂ ಇರುವ ಏಳು ಮನ್ಝಿಲ್‌ಗಳು ಅದರ ಗುರುತು. ಹತ್ತು ಸೂಕ್ತಗಳನ್ನು ಕಲಿತರೆ ಅವುಗಳ ಅರ್ಥವನ್ನೂ ಆಚರಣೆಯನ್ನೂ ಕಲಿಯುವವರೆಗೆ ಅವರು ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲವೆಂದು ತಾಬಿಈ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ ವರದಿ ಮಾಡಿದ್ದಾರೆ. ಹಜ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ) ಪ್ರತಿ ಗುರುವಾರ ಜನರಿಗೆ ಉಪದೇಶ ನೀಡುತ್ತಿದ್ದರು. ದಿನಾಲೂ ಮಾಡಬಾರದೇಕೆಂದು ಒಬ್ಬರು ಕೇಳಿದಾಗ, ನಿಮಗೆ ಬೇಸರವಾಗಬಾರದೆಂಬುದೇ ಕಾರಣವೆಂದು ಉತ್ತರಿಸಿದರು. ಬುಖಾರಿಯ ವಿದ್ಯೆಯ ಅಧ್ಯಾಯದಲ್ಲಿ ಇದನ್ನು ಕಾಣಬಹುದು. ನಮ್ಮ ಅಟ್ಟದಲ್ಲಿಯೇ ಇದ್ದ ವಸ್ತುವನ್ನು ನೆರೆಯವನ ಅಂಗಳದಲ್ಲಿ ಕಂಡು ನೆನಪಿಸಿಕೊಂಡಂತಾಯಿತು.

ಆದ್ದರಿಂದ ನಮ್ಮ ಸೂಚನೆ ಸರಳವಾದದ್ದು. ಗುರುವಾರ ಸೂರ್ಯ ಮುಳುಗಿದರೆ ನಮ್ಮ ಲೆಕ್ಕದಲ್ಲಿ ಜುಮಾ ಬಂದಂತೆ. ಮಗ್ರಿಬ್ ನಂತರ ಅರ್ಧ ಗಂಟೆ ಮನೆಯವರೆಲ್ಲ ಒಂದೆಡೆ ಕೂರಲಿ. ನಮ್ಮ ನಾಡಿನ ಮುದ್ರಣಗಳಲ್ಲಿ ಅಂಚಿಗೆ ‘ಐನ್’ ಅಕ್ಷರ ಬರೆದು ಗುರುತಿಸುವ ರುಕೂಗಳು 558. ವಾರಕ್ಕೆ ಒಂದು ರುಕೂ ಸಾಕು. ಒಬ್ಬ ಮಗ ಅಥವಾ ಮಗಳು ಅದನ್ನು ಅರಬಿಯಲ್ಲಿ ಓದಲಿ, ಇನ್ನೊಬ್ಬರು ಕನ್ನಡದಲ್ಲಿ ಅದರ ಅರ್ಥವನ್ನು ಗಟ್ಟಿಯಾಗಿ ಓದಲಿ. ಮಂಗಳೂರಿನ ಶಾಂತಿ ಪ್ರಕಾಶನದ ಕನ್ನಡ ಅನುವಾದ ಸುಲಭವಾಗಿ ದೊರೆಯುತ್ತದೆ. ಕನ್ನಡದಲ್ಲೇ ಏಕೆ, ಉರ್ದು ಇಲ್ಲವೇ ಎಂದು ಹಿರಿಯರು ಕೇಳುವರೆಂದು ಬಲ್ಲೆವು. ಉರ್ದುವಿನ ಮೇಲೆ ನಮಗೂ ಪ್ರೀತಿಯಿದೆ, ನಾವು ಓದಿದ್ದು ಆ ಭಾಷೆಯ ತಫ್ಸೀರ್‌ಗಳನ್ನೇ. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಉರ್ದು ಆಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ತಡವರಿಸದೆ ಓದಿ ಅರ್ಥಮಾಡಿಕೊಳ್ಳಬಲ್ಲ ಲಿಪಿ ಕನ್ನಡ. ಲಾರಿಯ ಕೆಲಸಕ್ಕೆ ಹೋದ ತಂದೆ ಗುರುವಾರ ಮನೆಯಲ್ಲಿಲ್ಲದಿದ್ದರೆ ತಾಯಿ ನಡೆಸಲಿ. ಅಕ್ಷರ ಬಾರದ ಅಜ್ಜಿ ಮಧ್ಯೆ ಕುಳಿತು ಕೇಳಲಿ. ಆ ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿಯಾರೆಂಬುದು ನಮ್ಮ ಅನುಭವ. ಅರ್ಥವಾಗದ್ದನ್ನು ತಾವೇ ವ್ಯಾಖ್ಯಾನಿಸಲು ಹೋಗದೆ ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟು ಮರುದಿನ ಜುಮಾ ನಂತರ ಇಮಾಮರನ್ನು ಕೇಳಲಿ. ಇಮಾಮರಿಗೂ ಅದರಿಂದ ಉಪಕಾರವಾಗುತ್ತದೆ. ಜನರ ಮನಸ್ಸಿನಲ್ಲಿ ಏನಿದೆಯ��ಂಬುದು ತಿಳಿಯದೆ ಖುತ್ಬಾ ಸಿದ್ಧಪಡಿಸುವ ಕಷ್ಟ ಅವರಿಗೇ ಗೊತ್ತು.

ಈ ಲೆಕ್ಕದಲ್ಲಿ ಪೂರ್ಣ ಕುರ್‌ಆನಿಗೆ ಹತ್ತು ವರ್ಷ ದಾಟಿ ಕೆಲವು ತಿಂಗಳು ಬೇಕು. ಬಹಳವಾಯಿತೆಂದು ಅನಿಸಬಹುದು. ಏಳನೆಯ ವಯಸ್ಸಿನಲ್ಲಿ ಆರಂಭಿಸಿದ ಮಗುವಿಗೆ ಮುಗಿಯುವಾಗ ಹದಿನೆಂಟು ತುಂಬುತ್ತಿರುತ್ತದೆ, ಮನೆಬಿಟ್ಟು ಬೆಂಗಳೂರಿಗೋ ಕೊಲ್ಲಿಗೋ ಹೊರಡುವ ವಯಸ್ಸು. ಒಂದು ಮೊಹಲ್ಲಾದ ಹತ್ತು ಮನೆಗಳು ಒಪ್ಪಿಕೊಂಡು ಎಲ್ಲರೂ ಒಂದೇ ವಾರ ಒಂದೇ ರುಕೂ ಓದಿದರೆ ಇನ್ನೂ ಒಳ್ಳೆಯದು. ಆಗ ಶುಕ್ರವಾರ ಬೆಳಿಗ್ಗೆ ನಲ್ಲಿಯ ಬಳಿ, ಮಂಡಿಯ ಬಳಿ, ಶಾಲೆಯ ದಾರಿಯಲ್ಲಿ ಅದರ ಮಾತು ಬರುತ್ತದೆ.

ಅಲ್-ಫಾತಿಹಾದ ನಂತರ ನೇರವಾಗಿ ಅಲ್-ಬಕರಃಕ್ಕೆ ಹೋದರೆ ಮಕ್ಕಳು ಬೇಗ ದಣಿಯುತ್ತಾರೆ. ಅಲ್-ಜುಮುಅಃ ಅಧ್ಯಾಯದಲ್ಲಿ ಎರಡೇ ರುಕೂಗಳಿವೆ. ಮೊದಲ ಗುರುವಾರ ಕತ್ತೆಯ ಉಪಮೆ, ಎರಡನೆಯ ಗುರುವಾರ ಜುಮಾದ ಕರೆ. ಆಮೇಲೆ ಯೂಸುಫ್ ಅಧ್ಯಾಯವನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಹನ್ನೆರಡು ರುಕೂಗಳಿವೆ, ಮೂರು ತಿಂಗಳಿಗೆ ಸಾಕಾಗುತ್ತವೆ. ಪ್ರತಿ ರುಕೂವಿನ ಕೊನೆಯಲ್ಲಿ ಮುಂದೇನಾಯಿತೆಂದು ಮಕ್ಕಳೇ ಕೇಳುತ್ತಾರೆ. ಹೇಳಬೇಡಿರಿ, ಮುಂದಿನ ಗುರುವಾರದವರೆಗೆ ಕಾಯಲಿ.